ಎರಡು ಬೆರಳಿನ ಅಂದಾಜು

ಹೋದ ಬೇಸಿಗೆ ಸೂಟಿಯಲ್ಲಿ ನೀವಿಬ್ಬರೂ ಪಡಸಾಲೆಯಲ್ಲಿ ಕೂತು ಜಗಳಾಡಿದ್ದು ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ. ಯಾವುದೋ ವಿಡಿಯೋ ಗೇಮಿನ ಎರಡನೇ ಭಾಗ ಬರುವುದಿತ್ತಂತೆ. ಮೊದಲಿನದಕ್ಕಿಂತ ಹೆಚ್ಚು ಮಾರುತ್ತದೆ ಎಂದು ತಮ್ಮ, ಮಾರುವುದೇ ಇಲ್ಲ ಎಂದು ಅಕ್ಕ. ನಾನು ಬಾಗಿಲ ಹತ್ತಿರ ಶೇಂಗಾ ಸುಲಿಯುತ್ತಿದ್ದೆ.

“ಆಯಿನ್ನ ಕೇಳೂಣು,” ಎಂದಳು ಅಕ್ಕ ನನ್ನ ಕಡೆ ನೋಡಿ.

“ಆಯಿಗೇನ ತಿಳೀತೈತಿ? ಆಕಿಗೆ ಫೋನ್ ಎತ್ತಿ ಹಲೋ ಅನ್ನಾಕಽ ನಾಚಿಗಿ,” ಎಂದ ತಮ್ಮ.

ಒಳಗಿದ್ದ ನಿಮ್ಮ ಅವ್ವ ನಕ್ಕಳು. ಆಕೆ ನಕ್ಕದ್ದು ನೀವು ತಿಳಿದ ಕಾರಣಕ್ಕಲ್ಲ. ಇದೇ ಪ್ರಶ್ನೆಯನ್ನು ನನ್ನನ್ನು ಕೇಳಿಯೇ ನಿಮ್ಮ ಅಜ್ಜ ಗೋಕಾಕದಲ್ಲಿ ಅಂಗಡಿ ನಡೆಸಿದ್ದು ಆಕೆಗೆ ಗೊತ್ತು. ನಾನು ಉತ್ತರ ಕೊಡದೆ ಶೇಂಗಾ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಎದ್ದು ಹೋದೆ. ಮಾತಿನಲ್ಲಿ ನನಗೆ ಆಗುವುದಿಲ್ಲ. ಅದಕ್ಕೆ ನಿಮ್ಮ ಹಳೆಯ ನೋಟಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಮಸಗುಪ್ಪಿ. ಅಲ್ಲಿಯ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದೆ. ಗುರುಗಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೂತವಳ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದು ಹೇಳಿ ಶಾಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ನನಗೆ ಅದೇ ಸಾಕಿತ್ತು.

ಮದುವೆಯಾಗಿ ಮೂಡಲಗಿಗೆ ಬಂದೆ. ಆಗ ಮೂಡಲಗಿ ತಾಲೂಕು ಆಗಿರಲಿಲ್ಲ, ಗೋಕಾಕ ತಾಲೂಕಿನಲ್ಲೇ ಇತ್ತು. ನನ್ನ ಮಾವನವರು ದನದ ಪೇಟೆಯಲ್ಲಿ ದಲ್ಲಾಳಿ. ಸುತ್ತಲಿನ ಊರುಗಳ ಎತ್ತು, ಹೋರಿ, ಎಮ್ಮೆ ಅವರ ಕೈಯ ಮೇಲೆ ಹಾದು ಹೋಗುತ್ತಿದ್ದವು. ಮನೆಯಲ್ಲಿ ಹನ್ನೊಂದು ಮಂದಿ. ಸೊಸೆಯಂದಿರು ತಲೆಯ ಮೇಲಿನ ಸೆರಗು ಜಾರದಂತೆ ಓಡಾಡಬೇಕು, ಹಿರಿಯರ ಎದುರು ಗಂಡನ ಜೊತೆ ಮಾತಾಡುವಂತಿಲ್ಲ. ಯಾರೂ ಹಾಗೆಂದು ಕಟ್ಟಪ್ಪಣೆ ಮಾಡಿರಲಿಲ್ಲ. ಆದರೆ ಪಡಸಾಲೆಯಲ್ಲಿ ಯಾವಾಗಲೂ ಒಬ್ಬರಲ್ಲ ಒಬ್ಬರು ಹಿರಿಯರು ಕೂತೇ ಇರುತ್ತಿದ್ದರು. ಐದು ವರ್ಷ ನಾನು ನಿಮ್ಮ ಅಜ್ಜನ ದನಿ ಕೇಳಿದ್ದೆಲ್ಲ ಅವರು ಬೇರೆಯವರ ಜೊತೆ ಆಡಿದ ಮಾತಿನಲ್ಲಿ.

ಅವರಿಗೆ ದಲ್ಲಾಳಿ ಕೆಲಸ ಸೇರಲಿಲ್ಲ. ರೇಡಿಯೋ, ಟೀವಿ ರಿಪೇರಿ ಕಲಿತಿದ್ದರು. ತೊಂಬತ್ತರ ಆಚೆ ಈಚೆ ಒಂದು ದಿನ ಮಾವನವರ ಹತ್ತಿರ ಹೇಗೋ ಒಪ್ಪಿಗೆ ಪಡೆದು ಗೋಕಾಕದಲ್ಲಿ ಅಂಗಡಿ ಹಾಕಿದರು. ನನ್ನನ್ನೂ, ಮೂರು ವರ್ಷದ ನಿಮ್ಮ ಅವ್ವನನ್ನೂ ಕರೆದುಕೊಂಡು ಹೋದರು. ಮುಂದೆ ಅಂಗಡಿ, ಹಿಂದೆ ಒಂದೂವರೆ ಖೋಲಿ. ನಡುವೆ ನನ್ನ ಹಳೆಯ ಹಸಿರು ಸೀರೆಯ ಪರದೆ.

ಆ ಒಂದೂವರೆ ಖೋಲಿಯಲ್ಲಿ ನಾನು ಎಷ್ಟು ಮಾತಾಡಿದೆ ಗೊತ್ತೇ? ರೊಟ್ಟಿ ಬಡಿಯುತ್ತ ಮಾತಾಡಿದೆ, ಅರಿವೆ ಹಿಂಡುತ್ತ ಮಾತಾಡಿದೆ. ಒಮ್ಮೆ ನಿಮ್ಮ ಅಜ್ಜ ತುತ್ತು ಕೈಯಲ್ಲಿ ಹಿಡಿದುಕೊಂಡೇ, “ಇಷ್ಟೆಲ್ಲಾ ಮಾತು ಎಲ್ಲಿ ಇಟ್ಟಿದ್ದೆ ಮಾರಾಯ್ತಿ, ಜ್ವಾಳದ ಹಗೇವಿನಾಗೇನು?” ಎಂದರು.

ಆದರೆ ಪರದೆಯ ಆಚೆ ಗಿರಾಕಿ ಬಂದರೆ ನನ್ನ ಬಾಯಿ ಮುಚ್ಚಿ ಹೋಗುತ್ತಿತ್ತು. ಅವರು ಕೂಗಿ ಏನಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಅದಕ್ಕೆ ಅವರು ನನಗೆ ದನದ ಪೇಟೆಯ ಲೆಕ್ಕ ಕಲಿಸಿದರು. ಪೇಟೆಯಲ್ಲಿ ದನದ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವೆಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದಷ್ಟೇ ಕಾಣುತ್ತದೆ. ಬೆರಳು ಅಂಕಿಯನ್ನು ಮಾತ್ರ ಹೇಳುತ್ತದೆ. ಅದು ನೂರೋ ಸಾವಿರವೋ ಎಂಬುದನ್ನು ಎದುರಿಗೆ ನಿಂತ ದನವೇ ಹೇಳುತ್ತದೆ. ಆಡಿನ ಮರಿಯಾದರೆ ನೂರು, ಜೋಡೆತ್ತಾದರೆ ಸಾವಿರ.

ನಾವು ಇದನ್ನು ಚಹಾಕ್ಕೆ, ರೊಟ್ಟಿಗೆ ಬಳಸಿದೆವು. ಅವರು ಪರದೆಯ ಪಕ್ಕದಿಂದ ಟವೆಲ್ಲು ಹೊದಿಸಿದ ಕೈ ಒಳಗೆ ಚಾಚುವರು. ಎಷ್ಟು ಕಪ್ ಚಹಾ ಎಂದು ಬೆರಳು ಒತ್ತುವರು. ಹಾಲು ಸಾಲದಿದ್ದರೆ ನಾನು ಒಂದು ಬೆರಳು ಕಡಿಮೆ ಹಿಡಿಯುತ್ತಿದ್ದೆ. ಅವರು ಒಪ್ಪದೆ ಮತ್ತೆ ಒತ್ತುವರು. ಆಚೆ ಕೂತವರಿಗೆ ಗಂಡ ಹೆಂಡತಿ ಚೌಕಾಶಿ ನಡೆಸಿದ್ದಾರೆಂದು ಗೊತ್ತೇ ಆಗುತ್ತಿರಲಿಲ್ಲ. ಕೆಲವು ಸಲ ಲೆಕ್ಕ ಮುಗಿದ ಮೇಲೂ ಆ ಕೈ ಹೋಗುತ್ತಿರಲಿಲ್ಲ.

ಅಂಗಡಿಯಲ್ಲಿ ರಿಪೇರಿ ಕಡಿಮೆಯಾಗುತ್ತ ಬಂತು. ಆಗ ನಿಮ್ಮ ಅಜ್ಜ ಒಂದು ಟೀವಿಗೆ ವಿಡಿಯೋ ಗೇಮ್ ಹಚ್ಚಿ ಅರ್ಧ ತಾಸಿನ ಪಾಳಿಯ ಮೇಲೆ ಹುಡುಗರನ್ನು ಆಡಿಸತೊಡಗಿದರು. ಕಬ್ಬಿನ ಊರುಗಳ ಮನೆಗಳಿಗೂ ಗೇಮಿನ ಡಬ್ಬಿಗಳು ಬಂದಿದ್ದವು, ಹಾಗಾಗಿ ಅವಕ್ಕೆ ಹಾಕುವ ಗೇಮಿನ ಕ್ಯಾಸೆಟ್ ಮಾರಾಟವೂ ಶುರುವಾಯಿತು. ಕುಲಗೋಡ, ಮೂಡಲಗಿ, ಹುಕ್ಕೇರಿಯಿಂದ ಸಂತೆಗೆ ಬಂದವರು ಮಕ್ಕಳ ಕಾಟ ತಾಳಲಾರದೆ ಒಂದೊಂದು ಒಯ್ಯುತ್ತಿದ್ದರು. ಯಾವ ಕ್ಯಾಸೆಟ್ ಹೋಗುತ್ತದೆ, ಯಾವುದು ಕಪಾಟಿನಲ್ಲಿ ಕೂರುತ್ತದೆ ಎಂದು ತಿಳಿಯದೆ ಅವರು ಮೊದಮೊದಲು ಬಹಳ ತಪ್ಪಿದರು.

ನಾನು ಆಟ ನೋಡುತ್ತಿರಲಿಲ್ಲ, ಕೇಳುತ್ತಿದ್ದೆ. ಗೆದ್ದಾಗ ಎಲ್ಲ ಹುಡುಗರೂ ಕೂಗುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಸೋತಾಗ ಏನು ಮಾಡುತ್ತಾರೆ ಎಂದು ಕೇಳಬೇಕು. ಸುಮ್ಮನೆ ಎದ್ದು ಹೋದರೆ ಆ ಕ್ಯಾಸೆಟ್ ಹೋಗುವುದಿಲ್ಲ. ಇನ್ನೊಂದು ಗುಟ್ಟು ಹಿತ್ತಲಿನ ಬಾಗಿಲಲ್ಲಿತ್ತು. ಕರೆಂಟು ಹೋದಾಗ ಪಾಳಿ ಕಾಯುವ ಹುಡುಗರು ನಮ್ಮ ಹಿಂದಿನ ಓಣಿಗೆ ಬರುತ್ತಿದ್ದರು. ಟೀವಿ ಆರಿದ ಮೇಲೂ ಅವರು ಅದೇ ಆಟವನ್ನು ಕೈಕಾಲಿನಿಂದ ಆಡಿದರೆ, ಆ ಕ್ಯಾಸೆಟ್ ಖಂಡಿತ ಮಾರುತ್ತದೆ. ಗೋಲಿ ತೆಗೆದರೆ ಇಲ್ಲ. ಊಟದ ಹೊತ್ತಿಗೆ ನಾನು ಇಷ್ಟೇ ಹೇಳುತ್ತಿದ್ದೆ: “ಇದು ಹತ್ತು ಹೋಗತಾವು.” “ಇದು ಬ್ಯಾಡ್ರಿ, ಗೋಲಿ ಆಡಿದರು.” ಅಷ್ಟು ದಿನದಲ್ಲಿ ನಾನು ತಪ್ಪಿದ್ದು ಒಂದೆರಡು ಸಲ.

ಆಮೇಲೆ ಹೋರಿ ಆಟ ಬಂತು.

ಅದರ ಖರೆ ಹೆಸರು ಏನೋ ಇಂಗ್ಲಿಷಿನಲ್ಲಿತ್ತು. ಕ್ಯಾಸೆಟ್ಟಿನ ಮೇಲೆ ಚಿತ್ರ ಇರಲಿಲ್ಲ, ಅಕ್ಷರ ಮಾತ್ರ. ಟೀವಿಯಲ್ಲಿ ಕಾಣುತ್ತಿದ್ದುದು ಕಂದು ಬಣ್ಣದ ನಾಲ್ಕಾರು ಚೌಕ, ಅದರ ಮೇಲೆ ಎರಡು ಬಿಳಿ ಕೊಂಬು. ಅದು ಓಡುತ್ತಿತ್ತು, ಗೋಡೆ ಜಿಗಿಯುತ್ತಿತ್ತು, ತಲೆ ತಗ್ಗಿಸಿ ಇಟ್ಟಿಗೆ ಗುದ್ದಿ ಪುಡಿ ಮಾಡುತ್ತಿತ್ತು. ಮೊದಲ ದಿನವೇ ಯಾವನೋ ಒಬ್ಬ, “ಏ, ಹೋರಿ ಐತೋ!” ಎಂದು ಕೂಗಿದ. ಅಷ್ಟೇ, ಅದು ಹೋರಿಯಾಯಿತು. ನಮ್ಮ ಸೀಮೆಯ ಮಕ್ಕಳಿಗೆ ಕೊಂಬಿದ್ದು ಓಡಿದರೆ ಹೋರಿಯಲ್ಲದೆ ಇನ್ನೇನು? ಆಟದ ಕೊನೆಗೆ ಒಂದು ದೊಡ್ಡ ಹೊಳೆ ಬರುತ್ತಿತ್ತು. ಸೇತುವೆ ಮುರಿದಿತ್ತು. ಹೋರಿ ದಡದಲ್ಲಿ ನಿಲ್ಲುತ್ತಿತ್ತು, ಯಾವುದೋ ಅಕ್ಷರ ಮೂಡುತ್ತಿತ್ತು, ಒಂದು ಸಪ್ಪೆ ಬಾಜಾ ಬಾರಿಸಿ ಆಟ ಮುಗಿಯುತ್ತಿತ್ತು. ಹೊಳೆಯ ಆಚೆ ಅದರ ಊರು ಇದೆ ಎಂದು ನಿಮ್ಮ ಅವ್ವ ಹೇಳುತ್ತಿದ್ದಳು. ಯಾವ ಊರು ಎಂದರೆ ಒಬ್ಬೊಬ್ಬ ಹುಡುಗ ತನ್ನ ತನ್ನ ಊರಿನ ಹೆಸರು ಹೇಳುವನು.

ಓಣಿಯಲ್ಲಿ ಎಲ್ಲರೂ ಹಣೆಗೆ ಎರಡು ಬೆರಳು ಹಚ್ಚಿಕೊಂಡು ಓಡತೊಡಗಿದರು. ಆ ವರ್ಷ ಎತ್ತು ಹೋರಿಗಳನ್ನು ಪೂಜಿಸುವ ಕಾರಹುಣ್ಣಿಮೆಯ ದಿನ ಯಾರೋ ನಮ್ಮ ಟೀವಿಯ ಗಾಜಿಗೆ ಅರಿಷಿಣ ಕುಂಕುಮ ಹಚ್ಚಿ ಹೋಗಿದ್ದರು. ನಿಮ್ಮ ಅಜ್ಜ ಎರಡು ದಿನ ಅದನ್ನು ಒರೆಸಲಿಲ್ಲ. ಹೋರಿ ಆಟದ ಕ್ಯಾಸೆಟ್ ನೂರು ದಾಟಿ, ಇನ್ನೂ ನೂರು ತರಿಸಿದೆವು. ಅವೂ ಹೋದವು.

ಆದರೆ ಎಷ್ಟು ದಿನ? ಎಲ್ಲರ ಮನೆಯಲ್ಲೂ ಹೋರಿ ಇದ್ದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಮಾವನವರಿಗೆ ವಯಸ್ಸಾಗುತ್ತಿತ್ತು, ಪೇಟೆಯಲ್ಲಿ ಒಬ್ಬರೇ. ಒಂದು ದಿನ ಗೋಕಾಕಕ್ಕೆ ಬಂದವರು ಅಂಗಡಿಯ ಕುರ್ಚಿಯಲ್ಲಿ ಕೂತು ಮಗನಿಗೆ ಹೇಳಿದರು, “ತಮ್ಮಾ, ಅದೇನೋ ಹೋರಿ ಆಟದ್ದು ಎರಡನೇದು ಬರತೈತಿ ಅಂತೀಯಲ್ಲ, ಅದನ್ನ ನೋಡೂಣು. ಅದು ಹೋತಂದ್ರ ನಿನ್ನ ಅಂಗಡಿ ಇರಲಿ, ನಾ ಮತ್ತ ಮಾತ ತಗಿಯಂಗಿಲ್ಲ. ಹೋಗಲಿಲ್ಲಂದ್ರ ಬಾಗಲಾ ಹಾಕಿ ಮನಿಗೆ ಬಾ. ನಂಗ ಒಬ್ಬಾವಗ ಆಗವಲ್ದು.”

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಪರದೆಯ ಈಚೆ ನಿಂತು ಕೇಳಿದ ನನಗೆ ಮಾತ್ರ ಎದೆಯಲ್ಲಿ ಕಲ್ಲು ಕೂತಂತಾಯಿತು. ಮೂಡಲಗಿಯ ಮನೆಯಲ್ಲಿ ನನಗೆ ಊಟ ಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ಅಲ್ಲಿ ಈ ಪರದೆ ಇಲ್ಲ. ಪರದೆಯ ಪಕ್ಕದಿಂದ ಬರುವ ಕೈಯೂ ಇಲ್ಲ.

ಮಾವನವರು ಮತ್ತೊಮ್ಮೆ ಬಂದ ದಿನವೇ ಬೆಳಗಾವಿಯ ಏಜೆಂಟನೂ ಬಂದ. ಅವನು ಊರೂರು ಸುತ್ತಿ ಕ್ಯಾಸೆಟ್ಟಿನ ಆರ್ಡರ್ ಬರೆದುಕೊಳ್ಳುವವನು, ಬಾಯಿ ಬಲು ಜೋರು. ಬಂದವನೇ ಚಹಾ ಬಸಿಗೆ ಸುರುವಿಕೊಂಡು, ಚೀಲದಿಂದ ಸುರುಳಿ ಸುತ್ತಿದ ಒಂದು ಪೋಸ್ಟರ್ ತೆಗೆದ.

“ಸಾವ್ಕಾರ್ರ, ನಿಮ್ಮ ಹೋರಿ ಮರಿ ಹಾಕೇತಿ ನೋಡ್ರಿ! ಎರಡನೇ ಪಾರ್ಟ. ಇನ್ನೂ ಬಂದಿಲ್ಲ, ಆಗಲೇ ಜಗಳ ನಡದಾವ. ಈಗ ಹೇಳಿದವರಿಗೆ ಐತಿ. ನಾಳೆ ಅಂದ್ರ ಹುಬ್ಬಳ್ಳಿಯವರು ಎತ್ತತಾರ.”

“ಹೋರಿ ಎಲ್ಯರೆ ಮರಿ ಹಾಕತೈತೇನೋ?” ಎಂದರು ಮಾವನವರು.

“ಯಜಮಾನ್ರ, ಇದು ಟೀವಿ ಹೋರಿ. ಏನ ಬೇಕಾದ್ದ ಹಾಕತೈತಿ.”

“ಉಳದ್ದು ವಾಪಸ್ ತಗೋತೀ?” ಎಂದು ನಿಮ್ಮ ಅಜ್ಜ ಕೇಳಿದರು.

“ಅದೊಂದ ಕೇಳಬ್ಯಾಡ್ರಿ. ಉಳಿಯೂದಿಲ್ಲ ಅಂದಮ್ಯಾಲೆ ವಾಪಸ್ ಯಾಕ?”

ಮಾವನವರು ನಕ್ಕರು. “ಹಲ್ಲ ಹಿಡದ ನೋಡದಽ ದನಾ ತಗೋತೀಯೇನೋ ತಮ್ಮಾ?”

ಆಗ ನಿಮ್ಮ ಅವ್ವನಿಗೆ ಒಂಬತ್ತು ವರ್ಷ. ಅವಳು ಪೋಸ್ಟರನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಹಳೆಯ ಕ್ಯಾಸೆಟ್ ಇಟ್ಟು, ಅಂಗಾತ ಬಿದ್ದ ಆ ಚಿತ್ರವನ್ನು ಬಗ್ಗಿ ನೋಡಿದಳು. ನಾನು ಪರದೆಯ ಸಂದಿಯಿಂದ ನೋಡಿದೆ. ಬಣ್ಣ ಬಣ್ಣದ ಚಿತ್ರ. ನಡುವೆ ಗಡ್ಡದ ಒಬ್ಬ ಗಂಡಸು, ಕೈಯಲ್ಲಿ ಕೊಡಲಿ. ತಲೆಯ ಮೇಲೆ ಕಬ್ಬಿಣದ ಟೊಪ್ಪಿಗೆ, ಆ ಟೊಪ್ಪಿಗೆಗೆ ಎರಡು ಬಿಳಿ ಕೊಂಬು.

“ಅಪ್ಪಾ, ಇದರಾಗ ಹೋರಿ ಎಲ್ಲೈತಿ?” ಎಂದಳು ನಿಮ್ಮ ಅವ್ವ.

“ಇರತೈತಿ ಬಿಡವಾ, ಅಂವನ ಹಿಂದ ಎಲ್ಯರೆ ನಿಂತಿರತೈತಿ.”

ಆಕೆ ಪೋಸ್ಟರ್ ಎತ್ತಿ ಹಿಂದೆ ತಿರುಗಿಸಿ ನೋಡಿದಳು. ಎಲ್ಲರೂ ನಕ್ಕರು, ಮಾವನವರು ಎಲ್ಲರಿಗಿಂತ ಜೋರಾಗಿ. ನನಗೆ ನಗು ಬರಲಿಲ್ಲ. ನನಗೆ ಆಗಲೇ ತಿಳಿದಿತ್ತು. ಮೊದಲಿನಿಂದಲೂ ಅದು ಹೋರಿ ಆಗಿರಲೇ ಇಲ್ಲ. ಚಿತ್ರ ಮಸುಕಾಗಿತ್ತು ಎಂದು ನಾವೆಲ್ಲ ಸೇರಿ ಅದನ್ನು ಹೋರಿ ಮಾಡಿದ್ದೆವು. ಈಗ ಚಿತ್ರ ಚೊಕ್ಕ ಆಗಿದೆ. ಈ ಟೊಪ್ಪಿಗೆಯವನ ಹಾಗೆ ಓಣಿಯಲ್ಲಿ ಯಾರು ಓಡುತ್ತಾರೆ? ಮೊದಲ ಭಾಗದ ಗುಂಗಿನಲ್ಲಿ ನೋಡದೆ ಒಯ್ಯುವವರು ಹದಿನೈದು ಇಪ್ಪತ್ತು ಜನ ಇದ್ದಾರು. ಅಷ್ಟೇ.

“ಒಂದ ಮಿನಿಟ್ ತಡೀಪಾ,” ಎಂದು ನಿಮ್ಮ ಅಜ್ಜ ಎದ್ದು ಪರದೆಯ ಹತ್ತಿರ ಬಂದರು. ಹೆಗಲಿನ ಟವೆಲ್ಲು ಕೈಯ ಮೇಲೆ ಇಳಿಬಿಟ್ಟು ಒಳಗೆ ಚಾಚಿದರು. ನಾನು ಎರಡು ಬೆರಳು ಹಿಡಿದು ಒತ್ತಿದೆ.

ನನ್ನ ಮನಸ್ಸಿನಲ್ಲಿದ್ದದ್ದು ಇಪ್ಪತ್ತು. ನಾನು ಯಾವಾಗಲೂ ಹತ್ತರ ಲೆಕ್ಕದಲ್ಲೇ ಹೇಳುತ್ತಿದ್ದೆ. ಅವರು ನನ್ನ ಕೈಯನ್ನು ತಿರುಗಿ ಗಟ್ಟಿಯಾಗಿ ಹಿಡಿದರು. ಪೇಟೆಯಲ್ಲಿ ಹಾಗೆ ಹಿಡಿದರೆ ವ್ಯಾಪಾರ ಮುಗಿಯಿತು ಎಂದರ್ಥ. ಅತ್ತ ತಿರುಗಿ ಏಜೆಂಟನಿಗೆ ಹೇಳಿದರು:

“ಎರಡ ನೂರ ಬರಕೋ.”

ಇಪ್ಪತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಪರದೆ ಸರಿಸಲು ಕೈ ಎತ್ತಿದೆ. ಆಚೆ ಮಾವನವರು ಇದ್ದರು, ಹೊರಗಿನ ಗಂಡಸು ಇದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಸಂದಿಯಿಂದ ನಿಮ್ಮ ಅಜ್ಜನ ಮುಖ ಕಾಣುತ್ತಿತ್ತು. ತಂದೆಯ ಎದುರು ಅವರು ಅಷ್ಟು ಎದೆ ಎತ್ತಿ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಎತ್ತಿದ ಕೈಯಿಂದ ಸೆರಗು ಸರಿ ಮಾಡಿಕೊಂಡೆ.

ನೀವು ಕೇಳಬಹುದು, ಆಮೇಲಾದರೂ ಹೇಳಬಹುದಿತ್ತಲ್ಲ ಆಯಿ ಎಂದು. ಹೇಳಬಹುದಿತ್ತು. ಆರ್ಡರ್ ಬದಲಿಸಲು ಒಂದು ವಾರ ಸಮಯ ಇತ್ತು, ಎದುರಿನ ಅಂಗಡಿಯಲ್ಲಿ ಫೋನೂ ಇತ್ತು. ಅವತ್ತು ಊಟಕ್ಕೆ ಕೂತಾಗ ನಾನು ಶುರು ಮಾಡಿದೆ, “ರೀ, ಅದು ಎರಡ ಬೆರಳ…” ಎಂದು.

“ನಿನ್ನ ಎರಡ ಬೆರಳ ಸಿಕ್ಕ ಕೂಡ್ಲೆ ನಂಗ ಧೈರ್ಯ ಬಂತ ನೋಡು,” ಎಂದರು ಅವರು. “ಅಲ್ಲೀತನಾ ನನ್ನ ಜೀವ ಪುಕುಪುಕು ಅನ್ನಾಕತ್ತಿತ್ತು.”

ನಾನು ಇನ್ನೊಂದು ರೊಟ್ಟಿ ಬಡಿಸಿದೆ. ಆ ವಾರ ದಿನವೂ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದೆ.

ಪೆಟ್ಟಿಗೆಗಳು ದೀಪಾವಳಿಗೆ ಮೊದಲು ಬಂದವು. ಮೊದಲ ದಿನ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕ್ಯಾಸೆಟ್ ಹಾಕಿದರು. ಬಾಜಾ ಬಾರಿಸಿತು. ಆಮೇಲೆ ಸದ್ದೇ ಇಲ್ಲ. ನಾನು ಪರದೆಯ ಈಚೆ ನಿಂತು ಕೇಳಿದೆ.

“ಏ, ಇಂವ ಮನಶ್ಯಾ ಅದಾನಲೇ!”

“ಹೋರಿ ಮುಂದ ಬರತೈತಿ, ತಡಿ.”

“ಹೊಳಿ ಬಂತು, ಹೊಳಿ ಬಂತು! ಜಿಗಸೋ!”

ಟೊಪ್ಪಿಗೆಯವನು ಜಿಗಿಯಲಿಲ್ಲ. ಹಡಗಿನಲ್ಲಿ ಕೂತು ಹೊಳೆ ದಾಟಿದ.

“ಹಡಗದಾಗ? ಹಿಂಗಾದ್ರ ನಮ್ಮ ಅಜ್ಜನೂ ದಾಟತಾನ,” ಎಂದ ಒಬ್ಬ. ಒಂದು ನಗು ಎದ್ದಿತು, ಅಲ್ಲಿಗೆ ಮುಗಿಯಿತು. ಸೋತವನು ಸುಮ್ಮನೆ ಎದ್ದು ಹೋದ. ಕರೆಂಟು ಹೋದಾಗ ನಾನು ಹಿತ್ತಲ ಬಾಗಿಲು ತೆರೆದು ನೋಡಿದೆ. ಓಣಿಯಲ್ಲಿ ಗೋಲಿ ಆಡುತ್ತಿದ್ದರು.

ಗೋಕಾಕದಲ್ಲಿ ಹದಿನೇಳು ಹೋದವು. ಉಳಿದವನ್ನು ಚೀಲದಲ್ಲಿ ತುಂಬಿಕೊಂಡು ನಿಮ್ಮ ಅಜ್ಜ ಹುಕ್ಕೇರಿಗೆ ಹೊರಟರು. ಅಲ್ಲಿ ನನ್ನ ಅಕ್ಕನ ಗಂಡ ಬಳೆ, ರಿಬ್ಬನ್ ಮಾರುವ ಅಂಗಡಿ ಇಟ್ಟಿದ್ದರು, ಅದರ ಮುಂದೆ ಒಂದು ಮೇಜು ಹಾಕಿಕೊಡುವೆ ಎಂದಿದ್ದರು. “ನೀನೂ ಬಾ, ಅಕ್ಕನ್ನ ನೋಡಿದಂಗ ಆಗತೈತಿ,” ಎಂದರು ನಿಮ್ಮ ಅಜ್ಜ. ನಿಮ್ಮ ಅವ್ವನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಇಬ್ಬರೇ ಹೋದೆವು. ಮದುವೆಯಾದ ಮೇಲೆ ನಾವಿಬ್ಬರೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದದ್ದು ಅದೊಂದೇ ಸಲ. ಮಾರಾಟವಾಗದ ಕ್ಯಾಸೆಟ್ಟಿನ ಚೀಲ ನಮ್ಮಿಬ್ಬರ ಮಡಿಲ ಮೇಲಿತ್ತು. ಎರಡೂ ಬದಿ ಕಬ್ಬು ಸೂಲಂಗಿ ಬಿಟ್ಟು ನಿಂತಿತ್ತು. ಚೀಲದ ಕೆಳಗೆ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಯಾವ ಅಂಕಿಯೂ ಇಲ್ಲ, ಸುಮ್ಮನೆ. ಹುಕ್ಕೇರಿ ಇನ್ನೂ ದೂರ ಇರಬಾರದೇ ಎನ್ನಿಸಿತು ನನಗೆ. ಅಂಗಡಿ ಮುಳುಗುವ ಹೊತ್ತಿನಲ್ಲಿ ಇಂಥ ಆಸೆ ಪಟ್ಟದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿ ಎರಡನೇ ದಿನ ಅವರು ಚಹಾಕ್ಕೆ ಹೋದಾಗ ಮೇಜಿನ ಹಿಂದೆ ನಾನೊಬ್ಬಳೇ ಇದ್ದೆ. ಒಬ್ಬ ಹೆಣ್ಣುಮಗಳು ಮಗನ ಕೈ ಹಿಡಿದು ಬಂದಳು.

“ಅಕ್ಕಾರ, ಹೋರಿ ಆಟದ ಎರಡನೇದು ಐತೇನ್ರಿ? ಈ ಮಗಾ ಜೀವಾ ತಿನ್ನಾಕತ್ತಾನು.”

ನಾನು ಕ್ಯಾಸೆಟ್ ಎತ್ತಿ ಕೊಡಬೇಕಿತ್ತು. ಕೈಗೆ ತೆಗೆದುಕೊಂಡೂ ಇದ್ದೆ. ಆ ಹುಡುಗ ಹಣೆಗೆ ಎರಡು ಬೆರಳು ಹಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ.

“ಐತ್ರಿ,” ಎಂದೆ. “ಆದ್ರ ಅದರಾಗ ಹೋರಿ ಇಲ್ರಿ.”

ತಾಯಿ ಮಗ ಹೋಗಿಬಿಟ್ಟರು. ಹಿಂದಿನಿಂದ ನಗು ಕೇಳಿತು. ನಿಮ್ಮ ಅಜ್ಜ ಚಹಾದ ಗ್ಲಾಸು ಹಿಡಿದು ನಿಂತಿದ್ದರು.

“ಜಲ್ಮದಾಗ ಮೊದಲನೇ ಸಲ ಗಿರಾಕಿ ಜೋಡಿ ಬಾಯಿ ತಗದಿ. ಆ ಗಿರಾಕೀನ ಮನಿಗೆ ಕಳಿಸಿಬಿಟ್ಟಿಯಲ್ಲ!”

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೇಜಿನ ಹಿಂದೆ ಕೂತು ಉಳಿದ ಕ್ಯಾಸೆಟ್ ಎಣಿಸಿದರು. ಹುಕ್ಕೇರಿಯಲ್ಲಿ ಹೋದದ್ದು ಆರು. ಎಲ್ಲ ಸೇರಿ ಇಪ್ಪತ್ಮೂರು.

ಇಪ್ಪತ್ತೇ ತರಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೆಂದು ಹೇಳಲಾರೆ. ಇಪ್ಪತ್ತೂ ಹೋಗುತ್ತಿದ್ದವು. ಇನ್ನೂ ಮೂವರು ಸಿಗಲಿಲ್ಲ ಎಂದು ಮರಳಿ ಹೋಗುತ್ತಿದ್ದರು. ‘ಅದು ಹೋತಂದ್ರ ನಿನ್ನ ಅಂಗಡಿ ಇರಲಿ’ ಎಂದಿದ್ದರು ಮಾವನವರು. ಎಷ್ಟು ಹೋಗಬೇಕು ಎಂದು ಹೇಳಿರಲಿಲ್ಲ. ಅವರು ಕೊಟ್ಟ ಮಾತು ತಪ್ಪುವವರಲ್ಲ.

ಮಾವನವರು ಬಂದು ಗೋಡೆಗೆ ಒಟ್ಟಿದ ಪೆಟ್ಟಿಗೆಗಳನ್ನು ನೋಡಿದರು. ಒಂದು ಕ್ಯಾಸೆಟ್ ತೆಗೆದು ದನದ ಬಾಯಿ ಬಿಡಿಸಿ ನೋಡುವಂತೆ ತಿರುವಿ ತಿರುವಿ ನೋಡಿ ಕೆಳಗಿಟ್ಟರು. ಬೈಯಲಿಲ್ಲ. “ನಡೀರಿ ಮನಿಗೆ,” ಎಂದರು ಮೆತ್ತಗೆ. ನಾನು ಪರದೆ ಬಿಚ್ಚಿ ಮಡಿಚಿದೆ. ಪರದೆ ಇಲ್ಲದೆ ಅಂಗಡಿಯೂ ಮನೆಯೂ ಕೂಡಿ ಒಂದು ಸಣ್ಣ ಖೋಲಿ ಅಷ್ಟೇ ಆಗಿ ಕಂಡಿತು. ಇಷ್ಟರಲ್ಲೇ ನಾವು ಆರು ವರ್ಷ ಇದ್ದೆವೇ ಎನ್ನಿಸಿತು.

ಮೂಡಲಗಿಯಲ್ಲಿ ನಿಮ್ಮ ಅಜ್ಜ ದಲ್ಲಾಳಿ ಆದರು, ಒಳ್ಳೆಯ ದಲ್ಲಾಳಿಯೇ ಆದರು. ಮುಖದಲ್ಲಿ ಒಂದು, ಕೈಯಲ್ಲಿ ಒಂದು ಇಟ್ಟುಕೊಳ್ಳಲು ಕಲಿತರು. ಪೇಟೆಯ ದಿನ ನೂರಾರು ಅಪರಿಚಿತರ ಬೆರಳು ಹಿಡಿದು ಬರುತ್ತಿದ್ದರು. ಮನೆಯಲ್ಲಿ ನನ್ನ ತಲೆಯ ಮೇಲೆ ಸೆರಗು, ಪಡಸಾಲೆಯಲ್ಲಿ ಹಿರಿಯರು. ಕೈಕಾಲು ತೊಳೆಯಲು ನೀರಿನ ತಂಬಿಗೆ ಕೊಡುವಾಗ ಅವರು ಟವೆಲ್ಲನ್ನು ನನ್ನ ಕೈಗೆ ಹಾಕುತ್ತಿದ್ದರು. ಆಗ ಅದರ ಕೆಳಗೆ ಒಂದು ಬೆರಳು ಒತ್ತುತ್ತಿದ್ದರು. ಒಂದು ಎಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಹೊತ್ತು ನಮಗೆ ಯಾರೂ ಕೊಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅವರು ಹಾಸಿಗೆ ಹಿಡಿದರು. ಮಾವನವರು ಅದಕ್ಕೂ ಮೊದಲೇ ತೀರಿಹೋಗಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಪಡಸಾಲೆ ಖಾಲಿ ಇತ್ತು. ನಾನು ಗಂಜಿ ಕುಡಿಸುತ್ತಿದ್ದೆ. ಸಾಕು, ಇನ್ನೆರಡೇ ಚಮಚ ಎನ್ನಲು ಅವರು ನನ್ನ ಎರಡು ಬೆರಳು ಒತ್ತಿದರು. ನನಗೆ ತಡೆಯಲಾಗಲಿಲ್ಲ.

“ರೀ, ಅವತ್ತ ನಾ ಇಪ್ಪತ್ತ ಅಂದಿದ್ದೆ,” ಎಂದೆ.

ಯಾವತ್ತು ಎಂದು ಅವರು ಕೇಳಲಿಲ್ಲ.

“ಗೊತ್ತಿತ್ತು,” ಎಂದರು.

“ಖರೇನ?”

“ನೀ ಯಾವತ್ತರೆ ನೂರರ ಮಾತ ಆಡಿದಾಕೇನು? ಸೊನ್ನಿ ನಾನಽ ಹಚ್ಚಿದೆ.”

“ಯಾಕ್ರಿ?”

“ಅಪ್ಪಾ ಕುಂತಿದ್ದಾ. ಇಪ್ಪತ್ತ ಅಂದಿದ್ರ ನಗತಿದ್ದಾ.” ಆಮೇಲೆ, “ಗಂಜಿ ಆರಾಕತ್ತೇತಿ, ಕೊಡು,” ಎಂದರು.

ಅದು ಖರೆಯೋ, ನನ್ನ ಎದೆಯ ಕಲ್ಲು ಇಳಿಸಲು ಆಡಿದ ಮಾತೋ ನನಗೆ ಇಂದಿಗೂ ತಿಳಿಯದು. ಹೇಳಿದೆನಲ್ಲ, ಆ ಹೊತ್ತಿಗೆ ಅವರು ಒಳ್ಳೆಯ ದಲ್ಲಾಳಿ ಆಗಿದ್ದರು. ಮುಖ ನೋಡಿದೆ, ಏನೂ ಕಾಣಲಿಲ್ಲ. ಕೈ ಹಿಡಿದು ನೋಡಬೇಕಿತ್ತು. ಗಂಜಿಯ ಬಟ್ಟಲು ಹಿಡಿದುಕೊಂಡಿದ್ದೆ. ಅದೇ ತಿಂಗಳು ಅವರು ಹೋದರು.

ಆ ಟವೆಲ್ಲು ನನ್ನ ಟ್ರಂಕಿನಲ್ಲಿದೆ. ನೂರಾ ಎಪ್ಪತ್ತೇಳು ಕ್ಯಾಸೆಟ್ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿವೆ. ನೀವು ಚಿಕ್ಕವರಿದ್ದಾಗ ಅವುಗಳಿಂದಲೇ ಮನೆ ಕಟ್ಟಿ ಆಡಿದ್ದೀರಿ, ಏನೆಂದು ಕೇಳಿರಲಿಲ್ಲ.

ಇನ್ನು ನಿಮ್ಮ ಜಗಳದ ಮಾತು. ಅವತ್ತು ಮೊಬೈಲ್ ಎರಡನ್ನೂ ಚಾರ್ಜಿಗೆ ಇಟ್ಟು ನೀವು ಅಂಗಳಕ್ಕೆ ಹೋದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೇವಿನ ಗಿಡದ ಸುತ್ತ ಅದೇ ಆಟವನ್ನು ಆಡಿದಿರಿ. ತಮ್ಮ ಸೋತು ನೆಲಕ್ಕೆ ಬಿದ್ದ, ಬಿದ್ದವನೇ “ಇನ್ನೊಮ್ಮೆ” ಎಂದು ಎದ್ದ. ಹಾಗಾದರೆ ಅದರ ಎರಡನೇ ಭಾಗ ಮಾರುತ್ತದೆ. ಆದರೆ ಒಂದನ್ನು ಮೊದಲು ನೋಡಿಕೊಳ್ಳಿ: ಅದರೊಳಗೆ ಓಡುವವನು ನೀವು ತಿಳಿದವನೇ ಹೌದೋ, ಬೇರೆಯವನೋ. ನೋಡಿ ಬಂದು ಹೇಳಿದರೆ ಎಷ್ಟು ಮಾರುತ್ತದೆ ಎಂದು ನಾನು ಸೊನ್ನೆಗಳ ಸಮೇತ ಬಾಯಿ ಬಿಟ್ಟು ಹೇಳುತ್ತೇನೆ. ಈಗ ನನಗೆ ಹೇಳಲು ಬರುತ್ತದೆ. ಪರದೆಯ ಆಚೆಯಿಂದ ಕೈ ಚಾಚಿ ಒಬ್ಬರು ಕಾಯುತ್ತಿದ್ದಾಗ ಬರುತ್ತಿರಲಿಲ್ಲ.